ಪರಶು ಕಟ್ಟಿದ ಹೊಲ

ಮೆಣಸಗಿಯ ಪರಶುನ ಕೈ ಬಾಯಿಗಿಂತ ಮುಂದು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಹತ್ತೊಂಬತ್ತನೇ ವಯಸ್ಸಿಗೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ, ಕಿಟಕಿಯಿಂದ ಟವೆಲ್ ಹಾಕಿ ಹಿಡಿದಿದ್ದ ಸೀಟಿನಲ್ಲಿ ಯಾರೋ ಕುಳಿತರೆಂದು ಆ ಮನುಷ್ಯನ ಎರಡು ಹಲ್ಲು ಉದುರಿಸಿದ್ದ. ಅವನು ಹಲ್ಲನ್ನು ಅಂಗೈಯಲ್ಲಿ ಹಿಡಿದು ಬಾಯಿಂದ ರಕ್ತ ಸುರಿಸುತ್ತ ಕೆಳಗೆ ನಿಂತಿದ್ದ. ಪರಶು ಅದೇ ಸೀಟಿನಲ್ಲಿ ಕುಳಿತು ಶೇಂಗಾ ತಿನ್ನುತ್ತ ಊರಿಗೆ ಬಂದ.

ಅಪ್ಪ ಗ್ಯಾನಪ್ಪನದೂ ಅಂಥದೇ ಕೈ. ಗ್ಯಾನಪ್ಪ ಎತ್ತಿಗೂ ಮಗನಿಗೂ ಒಂದೇ ಬಾರಕೋಲು ಇಟ್ಟುಕೊಂಡಿದ್ದ. ಎತ್ತಿನ ಮೈಮೇಲೆ ಬಾಸುಂಡೆ ಕಂಡರೆ ನೆರೆಯವರು ಬೈಯುತ್ತಿದ್ದರು. ಮಗನ ಮೈ ಅಂಗಿಯೊಳಗೆ ಇರುತ್ತಿತ್ತು. ತಾಯಿ ಗಾಳೆವ್ವ ಅಡ್ಡ ಬಂದರೆ ಅವಳಿಗೂ ಬೀಳುತ್ತಿತ್ತು. ಗ್ಯಾನಪ್ಪ ಸತ್ತ ಮೂರನೇ ದಿನ ಪರಶು ಆ ಬಾರಕೋಲನ್ನು ಒಯ್ದು ಮಲಪ್ರಭೆಯಲ್ಲಿ ಎಸೆದು ಬಂದ. ಬಾರಕೋಲು ಹೋಯಿತು, ಕೈ ಉಳಿಯಿತು.

ಅವನ ಕಸುಬು ಕಾಳು ಒಕ್ಕುವ ರಾಶಿ ಮಷೀನು ಓಡಿಸುವುದು. ಟ್ರ್ಯಾಕ್ಟರಿನ ಹಿಂದೆ ಮಷೀನು ಕಟ್ಟಿಕೊಂಡು, ಕಡಲೆಗೆ ಯಾವಗಲ್ ಸೀಮೆ, ಗೋವಿನಜೋಳಕ್ಕೆ ನರಗುಂದದ ಕಡೆ ಎಂದು ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುತ್ತಿದ್ದ. ಸಪ್ಪಳ ಕೇಳಿಯೇ ಯಾವ ಬೇರಿಂಗು ಸವೆದಿದೆ, ಯಾವ ಪಟ್ಟಾ ಸಡಿಲಾಗಿದೆ ಎಂದು ಹೇಳುವ ಕಿವಿ ಅವನದು. ಯಂತ್ರದ ಮೇಲೆ ಅವನು ಒಮ್ಮೆಯೂ ಸಿಟ್ಟಾದದ್ದಿಲ್ಲ. ಎಷ್ಟು ಸಲ ಕೆಟ್ಟರೂ ಅಷ್ಟು ಸಲ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಕೂಡಿಸುತ್ತಿದ್ದ. ಮನುಷ್ಯರ ಜೊತೆ ಮಾತ್ರ ಆ ತಾಳ್ಮೆ ಇರಲಿಲ್ಲ. ಹೆಂಡತಿ ನೀಲಾ ಯಾವಗಲ್ಲಿನವಳು. ಮದುವೆಯಾದ ಮೂರನೇ ತಿಂಗಳಿಗೆ ಅವಳಿಗೆ ಮೊದಲ ಏಟು ಬಿತ್ತು. ಯಾಕೆ ಬಿತ್ತೆಂದು ಅವಳು ತವರಿನಲ್ಲಿ ಹೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತೆಂದು ಹೇಳುವುದು ಅವಳಿಗೇ ನಾಚಿಕೆಯಾಗಿ ಕಂಡಿತು. ಆಮೇಲೆ ಮಗಳು ಪೂಜಾ ಹುಟ್ಟಿದಳು, ಏಟುಗಳು ಲೆಕ್ಕ ತಪ್ಪಿದವು.

ಅವನು ಮೂವತ್ತೆರಡು ತುಂಬಿದ ವರ್ಷ, ಕಡಲೆ ರಾಶಿಯ ದಿನಗಳಲ್ಲಿ, ಯಾವಗಲ್ ಹತ್ತಿರ ಹಳ್ಳ ಇಳಿಯುವಾಗ ಟ್ರ್ಯಾಕ್ಟರು ಪಲ್ಟಿಯಾಯಿತು. ಬಲಗಾಲು ಮಡ್‌ಗಾರ್ಡಿನ ಕೆಳಗೆ ಸಿಕ್ಕಿ ಎರಡು ಕಡೆ ಮುರಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಲೊಳಗೆ ಉಕ್ಕಿನ ಸಳಿ ಹಾಕಿಸಿಕೊಂಡು ಬಂದು ಹೊರಸಿನ ಮೇಲೆ ಬಿದ್ದ. ಎದ್ದು ಅಡ್ಡಾಡಿ ಅಭ್ಯಾಸವಿದ್ದವನಿಗೆ ಹೊರಸು ಜೈಲಿನಂತಾಯಿತು. ಕೈಗೆ ಸಿಕ್ಕದ್ದನ್ನು ಎಸೆಯತೊಡಗಿದ. ಒಂದು ದಿನ ಹಿತ್ತಾಳೆಯ ತಂಬಿಗೆ ಎಸೆದ. ಅದು ನೀಲಾಳ ಹಣೆಗೆ ಬಿದ್ದು ಹುಬ್ಬು ಸೀಳಿತು. ಅವಳು ಅರಿಶಿಣ ಒತ್ತಿಕೊಂಡು ಅದೇ ತಂಬಿಗೆಯಲ್ಲಿ ನೀರು ತಂದು ಅವನ ಪಕ್ಕಕ್ಕೆ ಇಟ್ಟಳು.

ಅವತ್ತೇ ಗಜೇಂದ್ರಗಡದಿಂದ ಅಲ್ತಮಶ ನೋಡಲು ಬಂದ. ಐಟಿಐ ಓದುವಾಗ ಇಬ್ಬರದೂ ಒಂದೇ ಬೆಂಚು. ಆ ಎರಡು ವರ್ಷ ಪರಶು ಹೆಚ್ಚಾಗಿ ಉಂಡದ್ದು ಅಲ್ತಮಶನ ಮನೆಯಲ್ಲಿ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ತಾಯಿ ರಹಿಮತಬಿ, ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಹಾಕಿ, ಜಗಳಾಡದೆ ತಿನ್ನಿರಿ ಎನ್ನುತ್ತಿದ್ದಳು. ಈಗ ಅಲ್ತಮಶನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿಯ ಅಂಗಡಿ ಇತ್ತು. ಅವನು ನೀಲಾಳ ಹುಬ್ಬು ನೋಡಿದ, ಮೂಲೆಯಲ್ಲಿ ಉರುಳಿದ್ದ ಸಾಮಾನು ನೋಡಿದ. ಮರುದಿನ ಬಸ್ಸಿನಲ್ಲಿ ದೊಡ್ಡ ಪರದೆಯ ಹಳೇ ಫೋನೊಂದನ್ನು ಕಳಿಸಿ, ಅದು ಮುಟ್ಟಿದ ಮೇಲೆ ಕರೆ ಮಾಡಿ ಮಾತಾಡಿದ.

"ಆ ಕೈಗೆ ಏನರ ಕೆಲಸಾ ಕೊಡ್ಬೇಕಲೇ ಪರಶ್ಯಾ. ಇಲ್ಲಾಂದ್ರ ಒಂದ ದಿನ ನೀಲವ್ವನ್ನ ಕೊಂದಿ ನೀ."

ಫೋನಿನಲ್ಲಿ ಒಂದು ಆಟವಿತ್ತು. ಅದರೊಳಗೆ ಜಗತ್ತೆಲ್ಲ ಚೌಕ ಚೌಕ: ಮಣ್ಣು, ಕಲ್ಲು, ಕಟ್ಟಿಗೆ, ಹರಿಯುವ ನೀರೂ ಚೌಕ. ಒಡೆಯುವುದು, ಒಡೆದದ್ದನ್ನು ತಂದು ಕಟ್ಟುವುದು. ಮನೆಯಲ್ಲಿ ಎಲ್ಲರೂ ಅದನ್ನು ಇಟ್ಟಂಗಿ ಆಟ ಎಂದರು. ಪರಶು ಮೊದಲು ನಕ್ಕ. ಆಮೇಲೆ ಅದರಲ್ಲಿ ಗೋಧಿ ಬಿತ್ತಬಹುದು ಎಂದು ಗೊತ್ತಾಯಿತು. ಒಂದು ಚೌಕ ನೀರಿಟ್ಟರೆ ಸುತ್ತ ನಾಲ್ಕು ನಾಲ್ಕು ಚೌಕ ಹಸಿ ಹಿಡಿಯುತ್ತದೆ. ಹಸಿ ಮಣ್ಣಿನಲ್ಲಿ ಬೀಜ ಹಾಕಿದರೆ ಪೈರು ಎದ್ದು, ತೆನೆ ಹಳದಿ ತಿರುಗುತ್ತದೆ. ಮೂರು ದಿನ ಕೈಯಿಂದ ಕೊಯ್ದು ಕೈಯಿಂದ ಬಿತ್ತಿದ. ನಾಲ್ಕನೇ ದಿನ ಬೇಸರ ಬಂತು. ರಾಶಿ ಮಷೀನು ಓಡಿಸಿದವನು ಕುಡುಗೋಲು ಹಿಡಿದು ಕೂಡುವುದೆಂದರೇನು? ಅಲ್ತಮಶನಿಗೆ ಫೋನು ಮಾಡಿ, ಇದರಲ್ಲಿ ಯಂತ್ರ ಇಲ್ಲವೇನು ಎಂದು ಕೇಳಿದ. ಇದೆ ಎಂದು ಅಲ್ತಮಶ ಹೇಳಿದ.

ಅಲ್ಲಿಂದ ಪರಶು ಬೇರೆ ಮನುಷ್ಯನಾದ. ಆಟದಲ್ಲಿ ಒಂದು ಕೆಂಪು ಪುಡಿ; ನೆಲದ ಮೇಲೆ ಗೆರೆ ಎಳೆದರೆ ವಾಯರಿನ ಹಾಗೆ ಕರೆಂಟು ಒಯ್ಯುತ್ತದೆ. ಗೆರೆಯ ತುದಿಯ ಗುಂಡಿ, ಅಂದರೆ ಖಟಕಾ, ಒತ್ತಿದರೆ ಮೇಲಿನಿಂದ ನೀರು ಬಿಟ್ಟು, ಬಲಿತ ಗೋಧಿಯನ್ನೆಲ್ಲ ಕಿತ್ತು ಕೊಚ್ಚಿಕೊಂಡು ಕೆಳಗಿನ ಕಾಲುವೆಗೆ ತರಬಹುದು. ಕಾಲುವೆಯ ಕೊನೆಗೆ ಲಾಳಿಕೆ, ಲಾಳಿಕೆಯ ಕೆಳಗೆ ಪೆಟ್ಟಿಗೆ. ಕಾಳು ತಾನಾಗಿ ಪೆಟ್ಟಿಗೆ ತುಂಬುತ್ತದೆ. ಕಬ್ಬಿಗೆ ಬೇರೆ ಹಂಚಿಕೆ. ಕಬ್ಬು ಮೂರನೇ ಗಣ್ಣು ಹಾಕಿದ್ದನ್ನು ಗುರುತಿಸುವ ಕಣ್ಣಿನಂಥ ಇಟ್ಟಂಗಿ ಇದೆ. ಅದು ಕಂಡ ಕೂಡಲೇ ಪಿಸ್ಟನ್ನು ಮುಂದಕ್ಕೆ ಗುದ್ದಿ ಕಬ್ಬು ಮುರಿಯುತ್ತದೆ. ಯಾರೂ ಖಟಕಾ ಒತ್ತುವುದೂ ಬೇಡ. ಉದ್ದ ಮೂಗಿನ ಬೊಂಬೆ ರೈತರನ್ನು ಬೇಲಿಯೊಳಗೆ ಬಿಟ್ಟರೆ ಅವರೇ ಬಿತ್ತುತ್ತಾರೆ, ಅವರೇ ಕೊಯ್ಯುತ್ತಾರೆ.

ಬಲ್ಲವರು ಯಾರೂ ಹತ್ತಿರ ಇಲ್ಲದ್ದರಿಂದ ಇದನ್ನೆಲ್ಲ ನೀಲಾಳಿಗೆ ಹೇಳುತ್ತಿದ್ದ. ಅವಳು ಹೊರಸಿನ ಪಕ್ಕ ಕುಳಿತು ಕಾಳು ಹಸನು ಮಾಡುತ್ತ ನೋಡುತ್ತಿದ್ದಳು. ಒಮ್ಮೆ ನೀರು ಎಂಟನೇ ಚೌಕಕ್ಕೆ ನಿಂತುಬಿಟ್ಟು, ಆಚೆಯ ಗೋಧಿ ಹಾಗೆಯೇ ಉಳಿಯಿತು. ಎರಡು ದಿನ ತಲೆ ಕೆಡಿಸಿಕೊಂಡ. ನೀಲಾ ಕಾಲುವೆ ನೀರು ಹಾಯಿಸಿ ಗೊತ್ತಿದ್ದವಳು. "ಅಲ್ಲೆ ಒಂದ ಮೆಟ್ಟ ಇಳಿಸಿ ನೋಡ್ರಿ" ಎಂದಳು. ಇಳಿಸಿದ. ನೀರು ಮುಂದಕ್ಕೆ ಓಡಿತು. ಅವತ್ತು ಅವನು ಅವಳ ಕಡೆ ತಿರುಗಿ ನಕ್ಕದ್ದನ್ನು ಗಾಳೆವ್ವ ನೋಡಿ, ಒಳಗೆ ಹೋಗಿ ದೇವರ ಮುಂದೆ ಊದಿನಕಡ್ಡಿ ಹಚ್ಚಿದಳು. ಎಂಟು ತಿಂಗಳು ಆ ಮನೆಯಲ್ಲಿ ಯಾರ ಮೈಮೇಲೂ ಕೈ ಬೀಳಲಿಲ್ಲ.

ಅಲ್ತಮಶ ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲರೂ ಕೂಡಿ ಆಡುವ ಒಂದು ಜಗತ್ತು ಇಟ್ಟಿದ್ದ. ರೋಣ, ನರಗುಂದ, ಗಜೇಂದ್ರಗಡದ ಹತ್ತು ಹನ್ನೆರಡು ಜನ ತಮ್ಮ ತಮ್ಮ ಫೋನಿನಿಂದ ಅದರೊಳಗೆ ಬರುತ್ತಿದ್ದರು. ಪರಶು ಅಲ್ಲಿ ಒಂಬತ್ತು ಅಂತಸ್ತಿನ ಹೊಲ ಎಬ್ಬಿಸಿದ. ಮೇಲಿನ ಎರಡು ಅಂತಸ್ತು ಗೋಧಿ, ಅದರ ಕೆಳಗೆ ಗಜ್ಜರಿ, ಆಲೂಗಡ್ಡೆ, ಕುಂಬಳ, ತಳದಲ್ಲಿ ಕಬ್ಬು. ಎಲ್ಲ ತಾನಾಗಿ ಬೆಳೆದು, ತಾನಾಗಿ ಕೊಯ್ಲಾಗಿ, ತಳದ ಪೆಟ್ಟಿಗೆಗಳಿಗೆ ಬಂದು ಬೀಳುತ್ತಿತ್ತು. ಕಾಣದ ಊರಿನವರು ನೋಡಲು ಬಂದು, ಯಾರು ಕಟ್ಟಿದ್ದು ಎಂದು ಕೇಳುತ್ತಿದ್ದರು. ಅವನ ಜೀವಮಾನದಲ್ಲಿ ಜನ ಅವನ ಹೆಸರನ್ನು ಅಂಜಿಕೆಯಿಲ್ಲದೆ ಎತ್ತಿದ್ದು ಅದೇ ಮೊದಲು. ಮೆಟ್ಟಿಲು ಇಳಿಸುವ ಉಪಾಯ ಯಾರದು ಎಂದು ಕೇಳಿದವರಿಗೆ ತನ್ನದೇ ಎಂದ.

ಕಾಲು ಕೂಡಿತು. ಗೋವಿನಜೋಳದ ಸುಗ್ಗಿಗೆ ಮತ್ತೆ ಮಷೀನು ಹತ್ತಿದ. ಆದರೆ ಫೋನು ಬಿಡಲಿಲ್ಲ, ಮನೆಗೆ ಬಂದರೆ ಉಣ್ಣುವಾಗಲೂ ಎಡಗೈಯಲ್ಲಿ ಅದೇ. ಇತ್ತ ಆ ಜಗತ್ತಿನಲ್ಲಿ ತಕರಾರು ಎದ್ದಿತ್ತು. ಒಂಬತ್ತು ಅಂತಸ್ತಿನ ಯಂತ್ರ ಹಗಲು ರಾತ್ರಿ ತಿರುಗುವುದಕ್ಕೆ ಅಂಗಡಿಯ ಹಳೇ ಕಂಪ್ಯೂಟರು ತಡೆಯುತ್ತಿರಲಿಲ್ಲ. ಉಳಿದವರ ಆಟ ನಿಂತು ನಿಂತು ಓಡುತ್ತಿತ್ತು. ಅರ್ಧದಷ್ಟು ಅಂತಸ್ತುಗಳನ್ನಾದರೂ ಬಂದ್ ಮಾಡು ಎಂದು ಅಲ್ತಮಶ ಎರಡು ಸಲ ಹೇಳಿದ. ಪರಶು ಅದನ್ನು ಹೊಟ್ಟೆಕಿಚ್ಚು ಎಂದು ತಿಳಿದ. ಮೂರನೇ ಸಲ ಹೇಳಿದಾಗ ಫೋನಿನಲ್ಲೇ ಬೈದು ಇಟ್ಟ.

ಆ ವಾರವೇ ಅದು ಆಯಿತು. ಸಂಜೆಯ ಹೊತ್ತು ಪರಶು ಬಚ್ಚಲಿಗೆ ಹೋದಾಗ ಏಳು ವರ್ಷದ ಪೂಜಾ ಫೋನು ಎತ್ತಿಕೊಂಡಳು. ಅಪ್ಪನ ಹೊಲದಲ್ಲಿ ಅಡ್ಡಾಡಿ, ಯಾವುದೋ ಖಟಕಾ ಒತ್ತಿದಳು. ಎಳೇ ಗೋಧಿಯೆಲ್ಲ ಕೊಚ್ಚಿಹೋಯಿತು. ಪರಶು ಹೊರಗೆ ಬಂದವನು ಪರದೆ ನೋಡಿದ, ಮಗಳನ್ನು ನೋಡಿದ, ತೋಯ್ದ ಅಂಗೈಯಿಂದಲೇ ಬೀಸಿ ಎಡಗೆನ್ನೆಗೆ ಹೊಡೆದ. ಹುಡುಗಿ ಅಳಲಿಲ್ಲ. ಗೋಡೆಗೆ ಹೋಗಿ ಬಿದ್ದು, ಎದ್ದು ಕುಳಿತು, ತಲೆ ಓರೆ ಮಾಡಿಕೊಂಡಳು. ಕಿವಿಯಿಂದ ರಕ್ತದ ಎಳೆ ಇಳಿದು ಕೊರಳಿಗೆ ಬಂತು. ನೀಲಾ ಅವಳನ್ನು ಎತ್ತಿಕೊಂಡು, ಚಪ್ಪಲಿ ಕೂಡ ಮೆಟ್ಟದೆ, ಸಿಕ್ಕ ಟಂಟಂ ರಿಕ್ಷಾ ಹತ್ತಿ ರೋಣದ ದವಾಖಾನೆಗೆ ಓಡಿದಳು. ಕಿವಿಯ ತಮಟೆ ಹರಿದಿದೆ, ಆ ಕಿವಿ ಇನ್ನು ಪೂರ್ತಿ ಕೇಳುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಮರುದಿನ ಪರಶು ಎಂದಿನಂತೆ ಮಷೀನಿನ ಕೆಲಸಕ್ಕೆ ಹೋದ. ಫೋನು ಚಾರ್ಜಿಗೆ ಇಟ್ಟದ್ದು ಮನೆಯಲ್ಲೇ ಉಳಿಯಿತು. ಮಧ್ಯಾಹ್ನ ಊಟಕ್ಕೆ ಬಂದವನು ಆಟ ತೆರೆದು ನೋಡಿದರೆ, ಹೊಲವಿಲ್ಲ. ಒಂಬತ್ತು ಅಂತಸ್ತು ನಿಂತಿದ್ದಲ್ಲಿ ತೆಗ್ಗು ಬಿದ್ದಿದೆ. ತೆಗ್ಗಿನ ತಳಕ್ಕೆ ನಾಲ್ಕು ಕಡೆಯಿಂದ ನೀರು ಸುರಿಯುತ್ತಿದೆ, ನೀರಿನ ಮೇಲೆ ಕಾಳು ತೇಲುತ್ತಿದೆ. ಬೊಂಬೆ ರೈತರಲ್ಲಿ ಒಬ್ಬನೂ ಉಳಿದಿಲ್ಲ. ಅದು ಸಿಡಿಮದ್ದಿನ ಕೆಲಸ. ಒಂದೊಂದು ಅಂತಸ್ತಿನ ಕಂಬ ಹುಡುಕಿ, ಕಂಬದ ಬುಡಕ್ಕೆ ಮದ್ದಿಟ್ಟು ಸಿಡಿಸಿದ್ದರು. ಆ ಹೊಲದ ಒಳಗು ಬಲ್ಲವರೇ ಮಾಡಿದ್ದು.

ಪರಶುನಿಗೆ ಒಂದೇ ಹೆಸರು ಹೊಳೆಯಿತು, ಅಲ್ತಮಶನದು. ನೀಲಾ ಒಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು, ಬಲಗೈ ಸೆರಗಿನ ಕೆಳಗಿತ್ತು. ಅವನು ಅವಳ ಕಡೆ ನೋಡಲೂ ಇಲ್ಲ. ಮಷೀನಿನ ಸಾಮಾನಿನ ಡಬ್ಬಿಯಿಂದ ನಟ್ಟು ಬಿಚ್ಚುವ ಮೊಳದುದ್ದದ ಪಾನಾ ಎತ್ತಿಕೊಂಡು, ಟವೆಲ್ಲಿನಲ್ಲಿ ಸುತ್ತಿ, ರೋಣಕ್ಕೆ ಬಂದು ಗಜೇಂದ್ರಗಡದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಸಿಟ್ಟು ಆರಲಿಲ್ಲ. ಕಂಡಕ್ಟರು ಚೀಟಿ ಕೊಡುವಾಗ ಅವನ ಮುಖ ನೋಡಿ, ಯಾರಾದರೂ ತೀರಿಕೊಂಡರೇನು ಎಂದು ಮೆಲ್ಲಗೆ ಕೇಳಿದ.

ಅಲ್ತಮಶ ಅಂಗಡಿಯಲ್ಲಿ ಒಬ್ಬನೇ ಇದ್ದ. ಬಿಚ್ಚಿದ ಫೋನಿನ ಮೇಲೆ ಬಾಗಿ, ಬಲಗೈಯಲ್ಲಿ ಸಣ್ಣ ಸ್ಕ್ರೂಡ್ರೈವರು ಹಿಡಿದಿದ್ದ. ಗೆಳೆಯನನ್ನು ಕಂಡು, ಜಗಳ ಮುಗಿಸಲು ಬಂದಿದ್ದಾನೆಂದು ತಿಳಿದು ಸ್ಟೂಲು ಮುಂದೆ ನೂಕಿದ. ಪರಶು ಕೂಡಲಿಲ್ಲ. ನನ್ನ ಹೊಲ ಯಾಕೆ ಒಡೆದೆ ಎಂದ. ಅಲ್ತಮಶನಿಗೆ ಏನೂ ತಿಳಿಯಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, ಯಾರು ಯಾವಾಗ ಏನು ಒಡೆದರೆಂದು ಬರೆದುಕೊಳ್ಳುವ ಪುಟ ತೆರೆದ, ಬೆರಳಿಟ್ಟು ಓದಿದ, ಗೊಂದಲವಾಗಿ ಸಣ್ಣಗೆ ನಕ್ಕ.

"ಇಲ್ಲೆ ನಿನ್ನ ಹೆಸರ ಐತೆಲ್ಲೋ. ಮುಂಜಾನೆ ಹತ್ತೂವರಿಗೆ, ನಿನ್ನ ಫೋನಿಂದನ ಆಗೇತಿ. ನಿನ್ನ ಹೊಲಾ ನೀನ ಒಡಕೊಂಡಿ."

ಆ ನಗೆ ಕೆಡಿಸಿತು. ಮದ್ದಿಟ್ಟವನು ತನ್ನ ಮೇಲೆಯೇ ಹೊರಿಸಿ ನಗುತ್ತಿದ್ದಾನೆ ಎಂದು ಪರಶುನಿಗೆ ಕಂಡಿತು. ಟವೆಲ್ಲು ಕೆಳಗೆ ಬಿತ್ತು. ಅಲ್ತಮಶನ ಬಲಗೈ ಕೌಂಟರಿನ ಗಾಜಿನ ಮೇಲಿತ್ತು. ಪಾನಾ ಅದರ ಮೇಲೆ ಇಳಿಯಿತು. ಮೊದಲ ಏಟಿಗೆ ಎಲುಬಿನ ಸಪ್ಪಳ ಬಂತು, ಎರಡನೆಯದಕ್ಕೆ ಬರಲಿಲ್ಲ. ಮೂರನೆಯದಕ್ಕೆ ಗಾಜು ಒಡೆದು ಕೈ ಒಳಗೆ ಸಿಕ್ಕಿತು. ಅಲ್ತಮಶ ಕೈ ಕಿತ್ತುಕೊಳ್ಳಲು ಮುಂದಕ್ಕೆ ಬಾಗಿದಾಗ ನಾಲ್ಕನೆಯದು ಕೆನ್ನೆಯ ಎಲುಬಿಗೆ ಬಿತ್ತು. ಅವನು ಕೂಗಲಿಲ್ಲ. "ಪರಶ್ಯಾ" ಎಂದಷ್ಟೇ ಎರಡು ಸಲ ಅಂದ, ಐಟಿಐ ಬೆಂಚಿನಲ್ಲಿ ಎಬ್ಬಿಸುತ್ತಿದ್ದ ದನಿಯಲ್ಲಿ. ಪರಶು ಐದನೆಯ ಸಲ ಎತ್ತಿದಾಗ ಹಿಂದಿನಿಂದ ಯಾರೋ ತೋಳು ಹಿಡಿದರು.

ಆಮೇಲಿನದು ಅವನ ಸರದಿ. ಎದುರಿನ ಹೋಟೆಲಿನವರು, ಬಸ್ಸಿಗೆ ನಿಂತವರು ಸೇರಿ ಅವನನ್ನು ರಸ್ತೆಗೆ ಎಳೆದು ಒದ್ದರು. ಸಳಿ ಹಾಕಿದ ಕಾಲಿನ ಮೇಲೆ ಯಾರೋ ಬೂಟುಗಾಲು ಒತ್ತಿ ನಿಂತರು. ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬ ಹೊಡೆದವನ ಹೆಸರು ಕೇಳಿದ, ಇನ್ನೊಬ್ಬ ಹೊಡೆಸಿಕೊಂಡವನ ಹೆಸರು ಕೇಳಿದ. ಎರಡೂ ಹೆಸರು ಹೊರಗೆ ಬಂದ ಮೇಲೆ ಗುಂಪು ಒಂದಾಗಿ ಉಳಿಯಲಿಲ್ಲ. ಪರಶುನನ್ನು ಒದೆಯುತ್ತಿದ್ದವರಲ್ಲೇ ಕೆಲವರು ಅವನ ಪರ ತಿರುಗಿ ನಿಂತರು. ಒಂದು ಕಲ್ಲು ಬಂದು ಅಂಗಡಿಯ ಫಲಕಕ್ಕೆ ಬಿತ್ತು. ಅದಕ್ಕೆ ಉತ್ತರವಾಗಿ ಬಂದ ಕಲ್ಲು ನಿಂತ ಬಸ್ಸಿನ ಗಾಜು ಒಡೆಯಿತು, ಒಳಗಿದ್ದ ಮುದುಕಿಯ ತಲೆ ಒಡೆಯಿತು. ಶಟರುಗಳು ಸರಸರ ಕೆಳಗಿಳಿದವು. ಯಾರದೋ ಕೈಯಲ್ಲಿ ಕಬ್ಬಿಣದ ಸರಳು ಕಂಡಿತು.

ಅಲ್ತಮಶ ಕೈಗೆ ಟವೆಲ್ಲು ಸುತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದ. ಅದು ಪರಶು ಪಾನಾ ಸುತ್ತಿ ತಂದ ಟವೆಲ್ಲೇ. ಒಂದು ಕಣ್ಣು ಮುಚ್ಚಿಹೋಗಿತ್ತು, ಕೆನ್ನೆ ಒಳಗೆ ಕುಸಿದಿತ್ತು.

"ಇದು ನಮ್ಮಿಬ್ಬರ ಜಗಳ" ಎಂದ. ಕೇಳಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಅಂದ. "ಇಂವ ನನ್ನ ದೋಸ್ತ. ನನ್ನ ಹೆಸರಿಲೆ ಯಾರೂ ಕಲ್ಲ ಒಗೀಬ್ಯಾಡ್ರಿ."

ಅಷ್ಟು ಹೇಳಿ ಮೆಟ್ಟಿಲ ಮೇಲೆಯೇ ಕುಸಿದು ಕುಳಿತ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಗುಂಪು ಇಳಿಯಿತು. ಕಲ್ಲು ಹಿಡಿದವರು ಕಲ್ಲನ್ನು ಕಾಲ ಹತ್ತಿರ ಬಿಟ್ಟು ಬೇರೆ ಕಡೆ ನೋಡಿದರು. ಪೊಲೀಸರು ಬಂದಾಗ ಪರಶು ಧೂಳಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಅವನಿಗೆ ಇನ್ನೂ ತನ್ನದೇ ಸರಿ ಎನಿಸುತ್ತಿತ್ತು.

ಹನ್ನೆರಡನೇ ದಿನ ನೀಲಾ ಗದಗಿನ ಜೈಲಿಗೆ ಬಂದಳು. ನಡುವೆ ತಂತಿಯ ಜಾಳಿಗೆ ಇತ್ತು. ಮದುವೆಯಾದ ಒಂಬತ್ತು ವರ್ಷ ಅವಳು ಅವನಿಗೆ ನೀವು ಎಂದೇ ಮಾತಾಡಿದವಳು.

"ನಿನ್ನ ಹೊಲಾ ಅಲ್ತಮಶ ಭಾಯಿ ಒಡದಿಲ್ಲ" ಎಂದಳು. "ನಾ ಒಡದೇನಿ. ನೀನ ತೋರಿಸಿದ್ದಿ ಅಲ್ಲ, ಕಂಬ ಎಲ್ಲೆಲ್ಲಿ ಅದಾವಂತ. ಒಂದೊಂದ ಅಂತಸ್ತಾಗಿ ಮದ್ದಿಟ್ಟ ಹಾರಿಸಿದೆ."

ಪರಶು ಜಾಳಿಗೆಯ ಹತ್ತಿರಕ್ಕೆ ಸರಿದ.

"ಪೂಜಾನ ಕಿವ್ಯಾಗಿಂದ ರಕ್ತಾ ಇಳಿಯೂ ಮುಂದ ನೀ ಮೊದಲ ಫೋನ್ ಒರಿಸಿ ನೋಡಿದಿ. ಹುಡುಗಿನ್ನ ಅಲ್ಲ. ಏನ ಒಡದ್ರ ನಿನಗ ಹತ್ತತೈತಿ ಅಂತ ನನಗ ಅವಾಗ ತಿಳೀತು. ನೀ ನನ್ನ ಮ್ಯಾಲೆ ಬರ್ತಿ ಅಂತ ಸೆರಗಿನ ಬುಡಕ ಕುಡಗೋಲ ಇಟಗೊಂಡ ಕುಂತಿದ್ದೆ. ನಿನ್ನ ಕುತಗಿಗೆ ಹಾಕಬೇಕಂತ ಮಾಡಿದ್ದೆ. ನೀ ಅತ್ತ ಹೋದಿ. ಎಲ್ಲಿಗೆ ಹೊಂಟಿ ಅಂತ ಗೊತ್ತಾಗಿದ್ರ ಅಡ್ಡ ಬೀಳ್ತಿದ್ದೆ. ಆ ಪಾಪ ನಂದು."

ಪರಶು ಜಾಳಿಗೆಗೆ ಮುಷ್ಟಿಯಿಂದ ಗುದ್ದಿದ. ತಂತಿ ಬೆರಳ ಸಂದಿಯ ಚರ್ಮ ಸೀಳಿತು. ಮತ್ತೆ ಗುದ್ದಿದ, ಮತ್ತೆ. ನೀಲಾ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅವಳ ಮುಖಕ್ಕೆ ರಕ್ತದ ಹನಿ ಸಿಡಿದರೂ ಒರೆಸಿಕೊಳ್ಳಲಿಲ್ಲ. ಇಬ್ಬರು ಕಾವಲಿನವರು ಬಂದು ಅವನನ್ನು ಎಳೆದೊಯ್ದರು. ಬಾಗಿಲು ದಾಟುವಾಗ ತಿರುಗಿ ನೋಡಿದ. ಅವಳು ಅಲ್ಲೇ ನಿಂತಿದ್ದಳು. ಅವನಿಗೆ ಆಗ ಹೆಂಡತಿಯ ಮಾತಿಗಿಂತ, "ಪರಶ್ಯಾ" ಎಂದು ಎರಡು ಸಲ ಅಂದ ಗೆಳೆಯನ ದನಿಯೇ ಜೋರಾಗಿ ಕೇಳಿಸಿತು.

ಜೈಲಿನಿಂದ ಹೊರಟ ನೀಲಾ ಊರಿಗೆ ಹೋಗಲಿಲ್ಲ. ಗಜೇಂದ್ರಗಡಕ್ಕೆ ಹೋಗಿ ರಹಿಮತಬಿಯ ಮುಂದೆ ಕುಳಿತು ಎಲ್ಲ ಹೇಳಿದಳು. ರಹಿಮತಬಿ ಚಹಾ ಕೊಟ್ಟು, "ಹೊಡದಾಂವ ಬ್ಯಾರೆ, ನೀ ಬ್ಯಾರೆ" ಎಂದಷ್ಟೇ ಹೇಳಿ ಕಳಿಸಿದಳು. ನೀಲಾ ಮಗಳನ್ನು ಕರೆದುಕೊಂಡು ಯಾವಗಲ್ಲಿನ ಅಣ್ಣ ಮುತ್ತಣ್ಣನ ಮನೆ ಸೇರಿದಳು.

ಜಾಮೀನು ಕೊಡಿಸಲು ಗಾಳೆವ್ವ ಓಡಾಡಿದಳು, ಪರಶು ಬೇಡವೆಂದ. ಕೋರ್ಟಿನಲ್ಲಿ, ಮೊದಲು ಅಲ್ತಮಶನೇ ಕೈ ಮಾಡಿದನೆಂದು ಹೇಳು, ಶಿಕ್ಷೆ ಇಳಿಯುತ್ತದೆ ಎಂದು ವಕೀಲರು ಕಲಿಸಿದ್ದರು. ಕಟಕಟೆಯಲ್ಲಿ ನಿಂತಾಗ ಎದುರಿಗೆ ಅಲ್ತಮಶ ಕುಳಿತಿದ್ದ, ಎಡಗೈಯಿಂದ ಬಲಗೈ ಹಿಡಿದುಕೊಂಡು. ಪರಶು ಕಲಿಸಿದ್ದನ್ನು ಬಿಟ್ಟ.

"ನಾನ ಹೊಡದೇನ್ರಿ ಸಾಹೇಬ್ರ. ಅವಂದೇನೂ ತಪ್ಪಿಲ್ರಿ."

ಎರಡು ವರ್ಷ ಬಿತ್ತು. ಜೈಲು ಅವನನ್ನು ಸಾಧುವನ್ನಾಗಿ ಮಾಡಿತೆಂದರೆ ಸುಳ್ಳಾದೀತು. ನಾಲ್ಕನೇ ತಿಂಗಳಿಗೆ ನೀರಿನ ಸರತಿಯಲ್ಲಿ ಒಬ್ಬ ಬಕೆಟ್ಟು ಒದ್ದನೆಂದು ಅವನ ಮೂಗು ಮುರಿದ. ಹೊಡೆದ ಮೇಲೆ ಆ ಮನುಷ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕುಳಿತ. ಅಪ್ಪ ಬಾರಕೋಲು ಎತ್ತಿದಾಗ ತಾನು ಕೂಡುತ್ತಿದ್ದದ್ದೂ ಹಾಗೆಯೇ. ಪರಶು ಅದನ್ನು ನೋಡುತ್ತ ನಿಂತುಬಿಟ್ಟ. ಆ ಮನುಷ್ಯನ ಜೊತೆಗಾರರು ಬಂದು ಮುಖ ಮೋರೆ ನೋಡದೆ ಬಡಿದು ಮೂರು ಪಕ್ಕೆಲುಬು ಮುರಿದಾಗ ಕೈ ಎತ್ತಲಿಲ್ಲ. ಉಸಿರು ಎಳೆದಾಗಲೆಲ್ಲ ಚುಚ್ಚುತ್ತಿತ್ತು. ಅಲ್ಲಿಂದ ಮುಂದೆ ಅವನು ಸರತಿಯಲ್ಲಿ ಕೊನೆಗೆ ನಿಲ್ಲುತ್ತಿದ್ದ.

ಬಿಡುಗಡೆಯಾದ ದಿನ ನೇರವಾಗಿ ಗಜೇಂದ್ರಗಡಕ್ಕೆ ಹೋದ. ರಹಿಮತಬಿ ಬಾಗಿಲಲ್ಲೇ ಕಂಡಿಕೆ ಸುತ್ತುತ್ತಿದ್ದಳು. ಅವನು "ಚಾಚಿ" ಎನ್ನುವುದರೊಳಗೆ ಎದ್ದು, ಕಾಲಿನ ಚಪ್ಪಲಿ ಕಳಚಿ ಮುಖಕ್ಕೆ ಹೊಡೆದಳು. ನಾಲ್ಕು ಸಲ, ಐದು ಸಲ, ಚಪ್ಪಲಿಯ ಪಟ್ಟಿ ಕಿತ್ತುಬರುವವರೆಗೆ. ಪರಶುನ ತುಟಿ ಒಡೆಯಿತು. ಕೊನೆಗೆ ಅವಳಿಗೇ ದಮ್ಮು ಹತ್ತಿ, ಹೊಸ್ತಿಲ ಮೇಲೆ ಕುಳಿತು, ಸೆರಗು ಬಾಯಿಗೆ ಒತ್ತಿ ಅತ್ತಳು. ತನ್ನ ಕೈಯಿಂದ ಉಣಿಸಿದ ಬಾಯಿಗೆ ತಾನೇ ಹೊಡೆಯುವಂತಾಯಿತಲ್ಲ ಎಂದು ಹೇಳಿ ಅತ್ತಳು.

ಅಲ್ತಮಶ ಒಳಗಿನಿಂದ ಬಂದ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಅಂಗಡಿಯಲ್ಲಿ ಈಗ ತಂಗಿ ಇಷ್ರತ ಕುಳಿತು ಅವನು ಹೇಳಿದಂತೆ ಸಣ್ಣ ಬೆಸುಗೆಯ ಕೆಲಸ ಮಾಡುತ್ತಿದ್ದಳು. ಅವಳ ಕೈ ತನ್ನದಕ್ಕಿಂತ ಹಗುರ ಎಂದು ಅವನೇ ಗಿರಾಕಿಗಳಿಗೆ ಹೇಳುತ್ತಿದ್ದನಂತೆ. ಪರಶು ಕಾಲು ಹಿಡಿಯಲು ಬಾಗಿದ. ಅಲ್ತಮಶ ಹಿಂದೆ ಸರಿದ.

"ಮಾಫ್ ಮಾಡೇನಿ ಅಂತ ಹೇಳಾಕ ಬರೂದಿಲ್ಲ ನನಗ" ಎಂದ. "ಅವತ್ತ ಊರ ಸುಡಬಾರದಂತ ಅಡ್ಡ ನಿಂತೆ. ನಿನ್ನ ಸಲುವಾಗಿ ಅಷ್ಟ ಅಲ್ಲ. ಹೋಗು ಇನ್ನ."

ಪರಶು ಹೋದ. ರೋಣದಲ್ಲಿ ಒಂದು ಖೋಲಿ ಹಿಡಿದು, ಬೇರೆಯವರ ರಾಶಿ ಮಷೀನಿಗೆ ಡ್ರೈವರನಾದ. ತಾಯಿಯನ್ನು ಅಲ್ಲಿಗೇ ಕರೆಸಿಕೊಂಡ. ಇಟ್ಟಂಗಿ ಆಟವನ್ನು ಮತ್ತೆ ಮುಟ್ಟಲಿಲ್ಲ.

ಯಾವಗಲ್ಲಿಗೆ ಹೋಗಲು ಮೂರು ತಿಂಗಳು ಧೈರ್ಯ ಬರಲಿಲ್ಲ. ಹೋದಾಗ ನೀಲಾ ಹೊಸ್ತಿಲು ದಾಟಿ ಒಳಗೆ ಬಾ ಎನ್ನಲಿಲ್ಲ. ಬರುವುದಾದರೆ ರವಿವಾರ ಬಾ, ಹಗಲಿಗೆ ಬಾ, ಕಟ್ಟೆಯ ಮೇಲೆ ಕೂಡು, ಪೂಜಾಗೆ ಮಾತಾಡುವ ಮನಸ್ಸಿದ್ದರೆ ಅವಳೇ ಬರುತ್ತಾಳೆ ಎಂದಳು. ಮೊದಲ ನಾಲ್ಕು ರವಿವಾರ ಹುಡುಗಿ ಬರಲಿಲ್ಲ. ಐದನೆಯದಕ್ಕೆ ಬಂದು ದೂರದ ಮೂಲೆಯಲ್ಲಿ ಕುಳಿತು ಗಣಿತದ ಮನೆಗೆಲಸ ಮಾಡಿ, ಮುಗಿದ ಮೇಲೆ ಎದ್ದು ಹೋದಳು. ಅವನು ಅದನ್ನೇ ಗಾಳೆವ್ವನಿಗೆ ಎರಡು ಸಲ ಹೇಳಿದ.

ಹೋದ ದೀಪಾವಳಿಯ ಮುಂದಿನ ರವಿವಾರ ಮುತ್ತಣ್ಣ ಕುಡಿದು ಬಂದಿದ್ದ. ತಂಗಿಯ ಬಾಳು ಹಾಳುಮಾಡಿದವನು ತನ್ನ ಕಟ್ಟೆಯ ಮೇಲೆ ಯಾಕೆ ಕೂಡಬೇಕು ಎಂದು ಪರಶುನ ಕೊರಳಪಟ್ಟಿ ಹಿಡಿದು ಎಳೆದು, ಎದೆಗೆ ಗುದ್ದಿ, ಕೆಳಗೆ ಕೆಡವಿ ಒದ್ದ. ಓಣಿಯವರು ನೋಡುತ್ತ ನಿಂತರು. ನೀಲಾ ಬಾಗಿಲಿಗೆ ಬಂದು ಅಣ್ಣನನ್ನು ಹಿಡಿದು ಒಳಗೆ ನೂಕಿದಳು. ಪರಶು ಎದ್ದು, ಹರಿದ ಅಂಗಿ ಕೂಡಿಸಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಬಸ್ಸಿನ ನಿಲ್ದಾಣಕ್ಕೆ ನಡೆದ. ಮುಂದಿನ ರವಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದು ಅಂಗಳದಲ್ಲಿ, ಕಟ್ಟೆಯಿಂದ ಆರು ಮೊಳ ಈಚೆ ನಿಂತ. ನೀಲಾ ಒಳಗಿನಿಂದ ಚಾಪೆ ತಂದು ಅಂಗಳದ ಬೇವಿನ ಗಿಡದ ಬುಡಕ್ಕೆ ಅವನಿಗೆ ಹಾಸಿ, ಒಳಗೆ ಹೋದಳು.